ಅಲಂಕಾರದ ಕಾಂಕ್ರೀಟ್ ಕಂಬಕ್ಕೆ ಫೈಬರ್ ಅಚ್ಚು: ಮಾದರಿ ಎಳೆಯುವುದರಿಂದ ಅಚ್ಚು ಬಿಚ್ಚುವ ತನಕ

ಮನೆ ಮುಂದಿನ ಪೋರ್ಟಿಕೋಗೆ ಉದ್ದುದ್ದ ಗ್ರೂವ್ ಇರುವ ಗುಂಡು ಕಂಬ ಬೇಕು ಅನ್ನುವವರು ಈಗ ಜಾಸ್ತಿ. ಇದನ್ನು ಎರಡು ರೀತಿಯಲ್ಲಿ ಮಾಡಬಹುದು. ಒಂದು, ಸಾದಾ ಕಂಬ ಹಾಕಿಕೊಂಡು ಅದರ ಮೇಲೆ ಗಾರೆಯಲ್ಲಿ ಡಿಸೈನ್ ಎಳೆಯುವುದು. ಇನ್ನೊಂದು, ಡಿಸೈನ್ ಇರುವ ಅಚ್ಚನ್ನೇ ನಿಲ್ಲಿಸಿ ಅದರೊಳಗೆ ಕಾಂಕ್ರೀಟ್ ಸುರಿಯುವುದು. ಗಾರೆಯಲ್ಲಿ ಎಳೆಯಲು ಒಳ್ಳೆಯ ಕೈ ಬೇಕು. ಗಾರೆ ದಪ್ಪವಾದಷ್ಟೂ ಒಳಗೆ ಟೊಳ್ಳಾಗಿ ಚೆಕ್ಕೆ ಏಳುವ ಭಯ ಇರುತ್ತದೆ. ಅಚ್ಚಿನಲ್ಲಿ ಹಾಕಿದ ಕಂಬಕ್ಕೆ ಆ ಭಯ ಇಲ್ಲ. ಡಿಸೈನ್ ಕೂಡ ಕಂಬದ್ದೇ ಮೈ. ನಾಲ್ಕು ಕಂಬ ಇದ್ದರೆ ನಾಲ್ಕೂ ಒಂದೇ ಥರ ಬರುತ್ತವೆ.

ಆದರೆ ಇಲ್ಲಿ ಕಷ್ಟ ಇರುವುದು ಕಾಂಕ್ರೀಟ್ ಸುರಿಯುವುದರಲ್ಲಿ ಅಲ್ಲ, ಅಚ್ಚನ್ನು ಬಿಡಿಸುವುದರಲ್ಲಿ. ಅದಕ್ಕೇ ಈ ಕೆಲಸದಲ್ಲಿ ನಾನು ಎಲ್ಲಕ್ಕಿಂತ ಮೊದಲು ಕೇಳುವ ಪ್ರಶ್ನೆ ಒಂದೇ: ಈ ಅಚ್ಚು ಯಾವ ದಿಕ್ಕಿಗೆ ಬಿಚ್ಚಿಕೊಳ್ಳುತ್ತದೆ? ಇದಕ್ಕೆ ಉತ್ತರ ಸಿಕ್ಕಿದ ಮೇಲೆ ಗ್ರೂವ್ ಎಷ್ಟು ಆಳ, ಅಚ್ಚು ಎಷ್ಟು ತುಂಡು, ಜೋಡಣೆ ಎಲ್ಲಿ ಬರಬೇಕು ಅನ್ನುವುದೆಲ್ಲ ತಾನಾಗಿ ತೀರ್ಮಾನವಾಗುತ್ತದೆ.

ಮಾತಿಗೆ ಒಂದು ಅಳತೆ ಇಟ್ಟುಕೊಳ್ಳೋಣ. 300 ಮಿ.ಮೀ. (ಸುಮಾರು 1 ಅಡಿ) ಅಡ್ಡಳತೆಯ ಗುಂಡು ಕಂಬ, 3 ಮೀಟರ್ ಎತ್ತರ, ಸುತ್ತ 20 ಗ್ರೂವ್. ಬುಡದಲ್ಲಿ ಒಂದು ಗುಂಡು ಪೀಠ, ಮೇಲೆ ಒಂದು ಬೋದಿಗೆ.

ಎಂಜಿನಿಯರ್ ಹತ್ತಿರ ಕೇಳಬೇಕಾದ್ದು

ಈ ಕಂಬ ಸ್ಲ್ಯಾಬ್ ಹೊರುತ್ತದೆಯೋ, ಅಥವಾ ಬರೀ ಅಂದಕ್ಕೋ? ಸ್ಲ್ಯಾಬ್ ಹೊರುವುದಾದರೆ ಕಂಬದ ಗಾತ್ರವನ್ನೂ ಕಂಬಿಯನ್ನೂ ಎಂಜಿನಿಯರ್ ಹೇಳಬೇಕು. ಅಚ್ಚು ಚೆನ್ನಾಗಿದೆ ಅಂತ ಗಾತ್ರ ಕಡಿಮೆ ಮಾಡುವ ಹಾಗಿಲ್ಲ.

ಗ್ರೂವ್ ಇರುವ ಕಂಬದಲ್ಲಿ ಎಲ್ಲರೂ ಮರೆಯುವ ವಿಷಯ ಕವರ್, ಅಂದರೆ ಕಂಬಿಯ ಮೇಲೆ ಹೊರಗಡೆ ಇರುವ ಕಾಂಕ್ರೀಟಿನ ದಪ್ಪ. ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456:2000 ಪ್ರಕಾರ ಕಂಬದ ಮುಖ್ಯ ಕಂಬಿಗೆ ಸಾಮಾನ್ಯವಾಗಿ 40 ಮಿ.ಮೀ. ಕವರ್ ಬೇಕು. ಅದನ್ನು ಕಂಬದ ಹೊರಮೈಯಿಂದ ಅಳೆಯಬೇಡಿ, ಗ್ರೂವ್‌ನ ತಳದಿಂದ ಅಳೆಯಿರಿ. ಮಳೆನೀರಿನ ತೇವ ಕಂಬಿಗೆ ಹತ್ತಿರವಾಗುವುದು ಅಲ್ಲೇ. ಗ್ರೂವ್ 8 ಮಿ.ಮೀ. ಆಳ ಇದ್ದರೆ ಹೊರಮೈಯಿಂದ 48 ಮಿ.ಮೀ. ಒಳಗೆ ಕಂಬಿ ಇರಬೇಕು. ನಾನು ಇನ್ನೂ ಬಿಗಿಯಾಗಿ, ರಿಂಗ್‌ನ (ಮುಖ್ಯ ಕಂಬಿಗಳನ್ನು ಸುತ್ತಿ ಕಟ್ಟುವ ಬಳೆಕಂಬಿ) ಹೊರ ಅಂಚಿಗೇ ಈ ಲೆಕ್ಕ ಹಿಡಿಯುತ್ತೇನೆ. ಹಾಗಾದರೆ 300 ಮಿ.ಮೀ. ಕಂಬದಲ್ಲಿ ರಿಂಗ್‌ನ ಹೊರ ಅಡ್ಡಳತೆ ಸುಮಾರು 200 ಮಿ.ಮೀ. ಬರುತ್ತದೆ. ಬಾರ್ ಬೆಂಡಿಂಗ್ ಮಾಡುವವರಿಗೆ ಇದನ್ನು ಮೊದಲೇ ಹೇಳಿ. ಅವರು ರೂಢಿಯಂತೆ 220 ಅಥವಾ 230ಕ್ಕೆ ರಿಂಗ್ ಬಗ್ಗಿಸಿ ಇಟ್ಟರೆ ಆಮೇಲೆ ಏನೂ ಮಾಡಲಾಗದು.

ಗುಂಡು ಕಂಬಕ್ಕೆ ಕನಿಷ್ಠ 6 ಕಂಬಿ, ಕಂಬಿ ಕನಿಷ್ಠ 12 ಮಿ.ಮೀ. ದಪ್ಪ ಅಂತ ಅದೇ ಐಎಸ್ 456 ಹೇಳುತ್ತದೆ. ಒಟ್ಟು ಕಂಬಿ ಕಂಬದ ಅಡ್ಡಕೊಯ್ತದ 0.8 ಶೇಕಡಾಗಿಂತ ಕಡಿಮೆ ಇರಬಾರದು. 12 ಮಿ.ಮೀ. ಕಂಬಿ 6 ಹಾಕಿದರೆ ನಮ್ಮ ಕಂಬಕ್ಕೆ ಆ ಕನಿಷ್ಠ ದಾಟುತ್ತದೆ. ರಿಂಗ್ ನಡುವಿನ ಅಂತರ ಕಂಬಿಯ ದಪ್ಪದ 16 ಪಟ್ಟು ಮೀರಬಾರದು, ಅಂದರೆ ಇಲ್ಲಿ 192 ಮಿ.ಮೀ. ಸೈಟ್‌ನಲ್ಲಿ 150ಕ್ಕೆ ಕಟ್ಟಿಸಿ. ಇದೆಲ್ಲ ಕನಿಷ್ಠದ ಮಾತು. ನಿಮ್ಮ ಸ್ಲ್ಯಾಬ್‌ನ ಭಾರಕ್ಕೆ ಎಷ್ಟು ಬೇಕು ಅನ್ನುವುದು ಎಂಜಿನಿಯರ್ ಲೆಕ್ಕ.

ಯಾವುದರಲ್ಲಿ ಅಚ್ಚು ಮಾಡುವುದು

ಸಾದಾ ಗುಂಡು ಕಂಬ ಸಾಕು ಅಂದರೆ ಬಾಡಿಗೆಗೆ ಸಿಗುವ ಕಬ್ಬಿಣದ ಶೀಟಿನ ಶಟರಿಂಗೇ ಸಾಕು. ಸಣ್ಣ ಕಂಬಕ್ಕೆ 200 ಅಥವಾ 250 ಮಿ.ಮೀ. ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ ಬಳಸಬಹುದು. ಚೌಕ ಕಂಬದಲ್ಲಿ ಪಟ್ಟಿ ಡಿಸೈನ್ ಬೇಕಿದ್ದರೆ ಪ್ಲೈವುಡ್ ಡಬ್ಬಿಯ ಒಳಮೈಗೆ ಇಳಿಜಾರು ಅಂಚಿನ ರೀಪು ಹೊಡೆದರೆ ಆಯಿತು. ಒಂದೋ ಎರಡೋ ಗ್ರೂವ್ ಕಂಬಕ್ಕಾಗಿ ಹೊಸ ಅಚ್ಚು ಮಾಡುವುದಕ್ಕಿಂತ ರೆಡಿಮೇಡ್ ಪ್ಲಾಸ್ಟಿಕ್ ಅಚ್ಚು ಕೊಳ್ಳುವುದೋ ಬಾಡಿಗೆಗೆ ತರುವುದೋ ಮೇಲು.

ನಾಲ್ಕಾರು ಕಂಬ ಇವೆ, ಅಥವಾ ಇದನ್ನೇ ಕಸುಬು ಮಾಡಿಕೊಳ್ಳುವ ಯೋಚನೆ ಇದೆ ಅಂದರೆ ಫೈಬರ್ ಅಚ್ಚೇ ಸರಿ. ಗಾಜಿನ ನಾರಿನ ಪದರಗಳಿಗೆ ರೆಸಿನ್ ಅನ್ನುವ ಅಂಟುದ್ರವ ಕುಡಿಸಿ ಗಟ್ಟಿ ಮಾಡಿದ ಅಚ್ಚು ಇದು. ಹಗುರ, ಮೈ ನುಣುಪು, ತುಕ್ಕು ಹಿಡಿಯುವುದಿಲ್ಲ, ಚೆಕ್ಕೆ ಎದ್ದರೆ ನೀವೇ ತೇಪೆ ಹಾಕಬಹುದು. ಎಲೆ, ಹೂವು, ಸುರುಳಿ ಇರುವ ಬೋದಿಗೆಗೆ ಮಾತ್ರ ಗಟ್ಟಿ ಅಚ್ಚು ನಡೆಯದು. ಅಲ್ಲಿ ಸಿಲಿಕೋನ್ ರಬ್ಬರ್ ಬೇಕು, ಹೊರಗೆ ಅದನ್ನು ಹಿಡಿದುಕೊಳ್ಳಲು ಫೈಬರ್ ಕವಚ ಬೇಕು. ರಬ್ಬರ್ ಕೆಲಸಕ್ಕೆ ಮಾದರಿ (ಯಾವುದರ ಮೇಲೆ ಅಚ್ಚು ತೆಗೆಯುತ್ತೇವೋ ಆ ಆಕಾರ) ಮಾಡುವಾಗ ಗಂಧಕ ಇರುವ ಮಾಡೆಲಿಂಗ್ ಕ್ಲೇ ಬೇಡ. ಪ್ಲಾಟಿನಂ ಬಗೆಯ ಸಿಲಿಕೋನ್ ಅದಕ್ಕೆ ತಾಗಿದ ಕಡೆ ಗಟ್ಟಿಯಾಗದೆ ಅಂಟಂಟಾಗಿ ಉಳಿಯುತ್ತದೆ.

ಎಷ್ಟು ತುಂಡು?

ಗುಂಡು ಕಂಬ ಅಂದರೆ ಎರಡು ಅರ್ಧ, ಅಷ್ಟೇ ತಾನೇ ಅಂತ ಅನ್ನಿಸುತ್ತದೆ. ಗ್ರೂವ್ ಇಲ್ಲದಿದ್ದರೆ ಅದು ನಿಜ. ಗ್ರೂವ್ ಬಂದ ಕೂಡಲೇ ಲೆಕ್ಕ ತಪ್ಪುತ್ತದೆ.

ಅರ್ಧ ಅಚ್ಚನ್ನು ನಿಮ್ಮ ಕಡೆಗೆ ನೇರವಾಗಿ ಎಳೆಯುತ್ತೀರಿ ಅಂದುಕೊಳ್ಳಿ. ನಿಮ್ಮ ಎದುರಿಗಿರುವ ಗ್ರೂವ್‌ನಿಂದ ಅಚ್ಚಿನ ಏಣು (ಉದ್ದಕ್ಕೆ ಎದ್ದು ನಿಂತ ದಿಂಡು) ಸಲೀಸಾಗಿ ಹೊರಬರುತ್ತದೆ. ಆದರೆ ಎಡಬಲದ ಅಂಚಿನಲ್ಲಿರುವ ಗ್ರೂವ್‌ಗಳು ಬಾಯಿ ತೆರೆದಿರುವುದು ಪಕ್ಕಕ್ಕೆ. ಅಲ್ಲಿ ಅಚ್ಚಿನ ಏಣು ಪಕ್ಕದಿಂದ ಒಳಗೆ ಹೊಕ್ಕು ಕೂತಿರುತ್ತದೆ. ನೀವು ಮುಂದಕ್ಕೆ ಎಳೆದರೆ ಅದು ಗ್ರೂವ್‌ನ ಗೋಡೆಗೆ ಸಿಕ್ಕಿಕೊಳ್ಳುತ್ತದೆ. ಜೋರಾಗಿ ಎಳೆದರೆ ಕಂಬದ ಏಣು ಮುರಿಯುತ್ತದೆ, ಇಲ್ಲವೇ ಅಚ್ಚು ಸೀಳುತ್ತದೆ.

ಆದ್ದರಿಂದ 20 ಗ್ರೂವ್ ಕಂಬಕ್ಕೆ ನಾಲ್ಕು ತುಂಡು ಮಾಡಿ. ಒಂದೊಂದು ತುಂಡಿಗೆ 5 ಗ್ರೂವ್. ಜೋಡಣೆ ಯಾವತ್ತೂ ಎರಡು ಗ್ರೂವ್ ನಡುವಿನ ಏಣಿನ ಮೇಲೆ ಬರಲಿ, ಗ್ರೂವ್‌ನೊಳಗೆ ಬೇಡ. ಏಣಿನ ಮೇಲಿನ ಗೆರೆಯನ್ನು ಉಜ್ಜುಗಲ್ಲಿನಿಂದ ಸುಲಭವಾಗಿ ತೆಗೆಯಬಹುದು. ಗ್ರೂವ್‌ನೊಳಗಿನ ಗೆರೆ ತೆಗೆಯಲು ಹೋದರೆ ಗ್ರೂವ್‌ನ ಆಕಾರವೇ ಕೆಡುತ್ತದೆ. 24 ಗ್ರೂವ್ ಬೇಕಿದ್ದರೆ ತುಂಡಿಗೆ 6 ಬರುತ್ತದೆ, ಅದೂ ಸರಿ. 18 ಅಥವಾ 22 ಇಟ್ಟುಕೊಂಡರೆ ನಾಲ್ಕಕ್ಕೆ ಸಮ ಹೋಗದು.

ನಾಲ್ಕು ತುಂಡಾದರೂ ಗ್ರೂವ್ ಎಷ್ಟು ಬೇಕಾದರೂ ಆಳ ಇರಬಹುದು ಅಂತಲ್ಲ. 300 ಮಿ.ಮೀ. ಕಂಬದ ಸುತ್ತಳತೆ 942 ಮಿ.ಮೀ. ಅದನ್ನು 20ರಿಂದ ಭಾಗಿಸಿದರೆ 47 ಮಿ.ಮೀ. ಅದರಲ್ಲಿ ಏಣಿನ ತುದಿಗೆ 4 ಮಿ.ಮೀ. ಚಪ್ಪಟೆ ಬಿಡಿ. ಚೂಪಾದ ಏಣು ನೋಡಲು ಚಂದ, ಆದರೆ ಅಚ್ಚು ಬಿಚ್ಚುವಾಗಲೇ ಉದುರುತ್ತದೆ. ಉಳಿದ 43 ಮಿ.ಮೀ. ಗ್ರೂವ್‌ನ ಅಗಲ. ತುಂಡಿನ ತುದಿಯ ಗ್ರೂವ್ ನಡುವಿನ ಗ್ರೂವ್‌ಗಿಂತ 36 ಡಿಗ್ರಿ ಓರೆಯಾಗಿ ನಿಂತಿರುತ್ತದೆ. ಅದರ ಗೋಡೆ 36 ಡಿಗ್ರಿಗಿಂತ ಜಾಸ್ತಿ ತೆರೆದುಕೊಂಡಿದ್ದರೆ ಮಾತ್ರ ಅಚ್ಚು ಬಿಡುತ್ತದೆ. ಗ್ರೂವ್‌ನ ಆಳ ಅಗಲದ ಐದನೇ ಒಂದು ಭಾಗ ಇದ್ದರೆ ಗೋಡೆ ಸುಮಾರು 46 ಡಿಗ್ರಿ ತೆರೆದಿರುತ್ತದೆ. 10 ಡಿಗ್ರಿ ಸಲೀಸು ಸಿಕ್ಕಿತು. ನಾಲ್ಕನೇ ಒಂದು ಭಾಗ ಮಾಡಿದರೆ ಒಂದು ಡಿಗ್ರಿಯೂ ಸಲೀಸು ಉಳಿಯುವುದಿಲ್ಲ, ಸಿಕ್ಕಿಕೊಳ್ಳಬಹುದು. ಹಾಗಾಗಿ ಇಲ್ಲಿ 8 ಮಿ.ಮೀ. ಆಳ ಸರಿ. ಬಿಸಿಲು ಬಿದ್ದಾಗ ಅಷ್ಟು ಆಳಕ್ಕೇ ಒಳ್ಳೆಯ ನೆರಳು ಬರುತ್ತದೆ. ಅರ್ಧಚಂದ್ರದಷ್ಟು ಆಳ ಬೇಕೇ ಬೇಕು ಅನ್ನುವವರು ರಬ್ಬರ್ ಒಳಪದರದ ಖರ್ಚಿಗೆ ಸಿದ್ಧರಾಗಬೇಕು.

ಡಿಗ್ರಿ ಲೆಕ್ಕ ಬೇಡ ಅನ್ನಿಸಿದರೆ ಟ್ರೇಸಿಂಗ್ ಕಾಗದದಲ್ಲಿ ಪರೀಕ್ಷೆ ಮಾಡಿ. ಒಂದು ತುಂಡಿನ ಅಡ್ಡಕೊಯ್ತದ ಗೆರೆಯನ್ನು ಪೂರ್ತಿ ಅಳತೆಯಲ್ಲಿ ಕಾಗದದ ಮೇಲೆ ಬರೆಯಿರಿ. ಅದೇ ಗೆರೆಯನ್ನು ಟ್ರೇಸಿಂಗ್ ಕಾಗದಕ್ಕೆ ಇಳಿಸಿ. ಟ್ರೇಸಿಂಗ್ ಕಾಗದವನ್ನು ಅಚ್ಚು ಎಳೆಯುವ ದಿಕ್ಕಿಗೆ ನಿಧಾನವಾಗಿ ಸರಿಸಿ. ಎಲ್ಲಾದರೂ ಮೇಲಿನ ಗೆರೆ ಕೆಳಗಿನ ಗೆರೆಯನ್ನು ದಾಟಿ ಕಾಂಕ್ರೀಟ್ ಇರುವ ಕಡೆಗೆ ಹೋದರೆ ಅಲ್ಲಿ ಅಚ್ಚು ಸಿಕ್ಕಿಕೊಳ್ಳುತ್ತದೆ. ಈ ಪರೀಕ್ಷೆ ಮಾಡದೆ ಮಾದರಿಗೆ ಕೈ ಹಾಕಬೇಡಿ.

ಇನ್ನೊಂದು ವಿಷಯ ಹೇಳಲೇಬೇಕು. ಬೇಲೂರು, ಹಳೇಬೀಡಿನ ಗುಂಡು ಕಂಬಗಳನ್ನು ನೋಡಿದ್ದೀರಿ ಅಲ್ವಾ? ಬಳಪದ ಕಲ್ಲನ್ನು ತಿರುಗಿಸಿ ಕಡೆದು ನುಣುಪು ಮಾಡಿದ ಕಂಬಗಳು. ಬಳೆಯ ಹಾಗೆ ಸುತ್ತಿದ ಏಣುಗಳು, ಗಂಟೆಯ ಆಕಾರ, ನಡುನಡುವೆ ಆಳವಾದ ಕಂಠ. ನೋಡಲು ಗ್ರೀಕ್ ಕಂಬಕ್ಕಿಂತ ಎಷ್ಟೋ ಜಟಿಲ. ಆದರೆ ತಿರುಗಿಸಿ ಕಡೆದ ಆಕಾರ ಎಷ್ಟೇ ಏರಿಳಿದರೂ ನಡುವೆ ಸೀಳಿದ ಎರಡೇ ಅರ್ಧ ಅಚ್ಚಿನಲ್ಲಿ ಬಿಟ್ಟುಕೊಡುತ್ತದೆ. ಬಳೆ ಏಣಿನ ತುದಿ ಮೇಲಕ್ಕೋ ಕೆಳಕ್ಕೋ ಕೊಕ್ಕೆಯ ಹಾಗೆ ಬಗ್ಗಿರಬಾರದು, ಅಷ್ಟೇ. ನಮ್ಮ ಊರಿನ ಮನೆಗೆ ಈ ಆಕಾರ ಹೆಚ್ಚು ಒಪ್ಪುತ್ತದೆ ಅಂತ ನನಗನ್ನಿಸುತ್ತದೆ. ಅಚ್ಚಿನ ಖರ್ಚೂ ಕಡಿಮೆ.

ಮಾದರಿ ಎಳೆಯುವುದು

ನಾಲ್ಕು ತುಂಡೂ ಒಂದೇ ಥರ ಇರುವುದರಿಂದ ಇಡೀ ಕಂಬದ ಮಾದರಿ ಬೇಕಿಲ್ಲ. ಕಾಲು ಭಾಗ ಸಾಕು. ಅದೇ ಮಾದರಿಯಿಂದ ನಾಲ್ಕು ಸಲ ಫೈಬರ್ ತೆಗೆದರೆ ಆಯಿತು.

ಪಿಓಪಿ ಕಾರ್ನಿಸ್ ಎಳೆಯುವವರ ವಿಧಾನವೇ ಇಲ್ಲಿ ನಡೆಯುತ್ತದೆ. 1 ಮಿ.ಮೀ. ದಪ್ಪದ ಜಿಐ (ಸತು ಲೇಪಿಸಿದ ಕಬ್ಬಿಣ) ಅಥವಾ ಅಲ್ಯೂಮಿನಿಯಂ ತಗಡಿನಲ್ಲಿ ಕಾಲು ಭಾಗದ ಆಕಾರವನ್ನು ತಿರುವುಮುರುವಾಗಿ ಕತ್ತರಿಸಿ. 300 ಮಿ.ಮೀ. ಕಂಬದ ಕಾಲು ಭಾಗವನ್ನು ಮೇಜಿನ ಮೇಲೆ ಕವುಚಿದರೆ, ಗ್ರೂವ್ ಲೆಕ್ಕಕ್ಕೆ ಹಿಡಿಯದೆ, ಅಗಲ 212 ಮಿ.ಮೀ., ನಡುವಿನ ಎತ್ತರ 44 ಮಿ.ಮೀ. ಬರುತ್ತದೆ. ತಗಡಿನ ಅಂಚನ್ನು ಅರದಿಂದ ಉಜ್ಜಿ, ಸಣ್ಣ ಉಪ್ಪುಕಾಗದ ಕೊಟ್ಟು ನುಣುಪು ಮಾಡಿ. ತಗಡಿನಲ್ಲಿ ಒಂದು ಸಣ್ಣ ಗೀರು ಇದ್ದರೂ ಅದು 3 ಮೀಟರ್ ಉದ್ದಕ್ಕೆ ಮಾದರಿಯಲ್ಲಿ ಮೂಡಿ, ಅಲ್ಲಿಂದ ಎಲ್ಲ ಕಂಬಕ್ಕೂ ಬರುತ್ತದೆ. ತಗಡನ್ನು ಮರದ ಹಲಗೆಗೆ ಮೊಳೆ ಹೊಡೆದು ನಿಲ್ಲಿಸಿ. ಆ ಹಲಗೆ ಓಡಾಡಲು ಮೇಜಿನ ಎರಡೂ ಬದಿ ನೇರವಾದ ಅಲ್ಯೂಮಿನಿಯಂ ಪಟ್ಟಿ ಕೂರಿಸಿ.

ಉದ್ದದ ವಿಷಯದಲ್ಲಿ ಒಂದು ಸಲಹೆ. ಮಾದರಿಯನ್ನು ಕಂಬದ ಪೂರ್ತಿ ಉದ್ದಕ್ಕೇ ಎಳೆಯಿರಿ. ಒಂದೂವರೆ ಮೀಟರ್‌ನ ಎರಡು ಅಂತಸ್ತು ಮಾಡಿದರೆ ಹೊರಲು ಸುಲಭ ನಿಜ. ಆದರೆ ಅಡ್ಡ ಜೋಡಣೆಯ ಗೆರೆ ಇಪ್ಪತ್ತೂ ಗ್ರೂವ್‌ಗಳನ್ನು ಹಾದು ಕಂಬದ ಸುತ್ತ ಎದ್ದು ಕಾಣುತ್ತದೆ. ಅದನ್ನು ಮುಚ್ಚುವುದು ತುಂಬಾ ಕಷ್ಟ.

ಮೇಜಿನ ಮೇಲೆ ಮೊದಲು ಮರದ ಚೂರು, ಇಟ್ಟಿಗೆ ಸೀಳು ಹಾಕಿ ಒರಟು ತಿರುಳು ಮಾಡಿಕೊಳ್ಳಿ. ತಗಡಿಗೂ ತಿರುಳಿಗೂ ನಡುವೆ 10ರಿಂದ 15 ಮಿ.ಮೀ. ಜಾಗ ಇರಲಿ. ಪಿಓಪಿ ಕಲಸಿ ಸುರಿದು ಹಲಗೆಯನ್ನು ಒಂದೇ ದಿಕ್ಕಿಗೆ ಎಳೆಯಿರಿ. ಪಿಓಪಿ ಗಟ್ಟಿಯಾಗುವಾಗ ಸ್ವಲ್ಪ ಉಬ್ಬುತ್ತದೆ. ಅದಕ್ಕೆ ಎಳೆಯುವುದನ್ನು ನಡುವೆ ನಿಲ್ಲಿಸಬೇಡಿ. ಕೊನೆಯ ಎಳೆತಕ್ಕೆ ತೆಳುವಾಗಿ ಕಲಸಿದ ಪಿಓಪಿ ಇರಲಿ, ಮೈ ಹೊಳೆಯುವಷ್ಟು ನುಣುಪಾಗುತ್ತದೆ. ಇಬ್ಬರು ಕಲಸುವವರು, ಒಬ್ಬರು ಎಳೆಯುವವರು ಇದ್ದರೆ ಕೆಲಸ ಸಲೀಸು.

ಮಾದರಿ ಪೂರ್ತಿ ಒಣಗಬೇಕು. ಮಳೆಗಾಲದಲ್ಲಿ ಒಂದು ವಾರಕ್ಕಿಂತ ಜಾಸ್ತಿಯೇ ಹಿಡಿಯಬಹುದು. ಒಳಗೆ ತೇವ ಇದ್ದರೆ ಮೇಲೆ ಹಾಕುವ ಫೈಬರ್ ಸರಿಯಾಗಿ ಗಟ್ಟಿಯಾಗುವುದಿಲ್ಲ. ಒಣಗಿದ ಮೇಲೆ ಮರಕ್ಕೆ ಹಚ್ಚುವ ಫ್ರೆಂಚ್ ಪಾಲಿಶ್ ಅನ್ನು ಎರಡು ಮೂರು ಕೋಟ್ ಕೊಟ್ಟು ರಂಧ್ರ ಮುಚ್ಚಿ. ಖರ್ಚು ಉಳಿಸಲು ಥರ್ಮಾಕೋಲ್‌ನಲ್ಲೇ ಮಾದರಿ ಕೊಯ್ಯಿಸುವವರು ಇದ್ದಾರೆ. ಪಾಲಿಯೆಸ್ಟರ್ ರೆಸಿನ್‌ನಲ್ಲಿರುವ ಸ್ಟೈರೀನ್ ಥರ್ಮಾಕೋಲನ್ನು ಕರಗಿಸಿಬಿಡುತ್ತದೆ. ಹಾಗಾಗಿ ಅದರ ಮೇಲೆ ಪಿಓಪಿ ಪದರ ಕೊಡದೆ ರೆಸಿನ್ ತಾಗಿಸಬೇಡಿ.

ಇನ್ನು ಫ್ಲ್ಯಾಂಜ್. ತುಂಡುಗಳನ್ನು ಬೋಲ್ಟ್ ಹಾಕಿ ಸೇರಿಸಲು ಅಂಚಿನಲ್ಲಿ ಎದ್ದು ನಿಲ್ಲುವ ಪಟ್ಟಿ ಇದು. ಮಾದರಿಯ ಎರಡೂ ಅಂಚಿಗೆ ನುಣುಪಾದ ಲ್ಯಾಮಿನೇಟ್ ಹಲಗೆಗಳನ್ನು 45 ಡಿಗ್ರಿಗೆ, ಹೊರಕ್ಕೂ ಮೇಲಕ್ಕೂ ಹೋಗುವ ಹಾಗೆ ನಿಲ್ಲಿಸಿ. ಹಲಗೆಯ ಗೆರೆಯನ್ನು ಒಳಕ್ಕೆ ಎಳೆದರೆ ಅದು ಕಂಬದ ನಡುಬಿಂದುವಿಗೆ ಬರಬೇಕು. ಹಾಗಿದ್ದರೆ ಮಾತ್ರ ಎರಡು ತುಂಡಿನ ಫ್ಲ್ಯಾಂಜ್ ಬೆನ್ನಿಗೆ ಬೆನ್ನು ಸರಿಯಾಗಿ ಕೂರುತ್ತವೆ. ಅಗಲ 60 ಮಿ.ಮೀ. ಇರಲಿ. ಮಾದರಿಗೂ ಹಲಗೆಗೂ ನಡುವಿನ ಸಂದಿಯನ್ನು ಮೇಣದಿಂದ ತುಂಬಿ, ಮೂಲೆ ಚೂಪಾಗಿಯೇ ಇರಲಿ.

ಫೈಬರ್ ಹಾಕುವುದು

ಮೊದಲು ಸುರಕ್ಷತೆ. ರೆಸಿನ್ ಗಟ್ಟಿಯಾಗಲು ಎರಡು ದ್ರವ ಹಾಕುತ್ತಾರೆ: ಗಟ್ಟಿಯಾಗುವುದನ್ನು ಚುರುಕು ಮಾಡುವ ಕೋಬಾಲ್ಟ್ ಮತ್ತು ಹಾರ್ಡನರ್ ಆಗಿ ಬಳಸುವ ಎಂಇಕೆಪಿ. ಇವೆರಡನ್ನೂ ನೇರವಾಗಿ ಒಂದಕ್ಕೊಂದು ಯಾವತ್ತೂ ಬೆರೆಸಬೇಡಿ. ಬೆಂಕಿ ಹತ್ತಬಹುದು, ಸಿಡಿಯಬಹುದು. ಕೋಬಾಲ್ಟನ್ನು ಮೊದಲು ರೆಸಿನ್‌ಗೆ ಹಾಕಿ ಪೂರ್ತಿ ಕಲಸಿ. ಆಮೇಲೆ ಬೇರೆ ಅಳತೆ ಲೋಟದಲ್ಲಿ ಹಾರ್ಡನರ್ ತೆಗೆದುಕೊಂಡು ಸೇರಿಸಿ. ಕೋಬಾಲ್ಟ್ ಮೊದಲೇ ಬೆರೆಸಿದ ರೆಸಿನ್ ಸಿಗುತ್ತದೆ, ಹೊಸಬರಿಗೆ ಅದೇ ಒಳ್ಳೆಯದು. ಹಾರ್ಡನರ್ ಒಂದು ಹನಿ ಕಣ್ಣಿಗೆ ಬಿದ್ದರೂ ಕಣ್ಣಿಗೆ ಅಪಾಯ. ಕನ್ನಡಕ, ಕೈಗವಸು, ವಾಸನೆ ತಡೆಯುವ ಮಾಸ್ಕ್ ಇಲ್ಲದೆ ಶುರು ಮಾಡಬೇಡಿ. ಗಾಳಿ ಆಡುವ ಶೆಡ್ ಬೇಕು. ಹತ್ತಿರ ಬೀಡಿ, ಒಲೆ, ವೆಲ್ಡಿಂಗ್ ಯಾವುದೂ ಇರಬಾರದು.

ರೆಸಿನ್ ಕೊಳ್ಳುವಾಗ ಐಸೋ ರೆಸಿನ್ (ಐಸೋಫ್ತಾಲಿಕ್ ಬಗೆಯ ಪಾಲಿಯೆಸ್ಟರ್ ರೆಸಿನ್) ಕೇಳಿ. ಸಾಮಾನ್ಯ ರೆಸಿನ್‌ಗಿಂತ ಇದು ಸಿಮೆಂಟಿನ ಕ್ಷಾರವನ್ನು ಚೆನ್ನಾಗಿ ತಡೆಯುತ್ತದೆ. ನಮ್ಮ ಅಳತೆಯ ನಾಲ್ಕು ತುಂಡಿಗೆ ಫ್ಲ್ಯಾಂಜ್ ಸೇರಿ ಸುಮಾರು 4.3 ಚದರ ಮೀಟರ್ ಆಗುತ್ತದೆ. ಮ್ಯಾಟ್ (ಗಾಜಿನ ನಾರಿನ ಹಾಸು) ಸುಮಾರು 10 ಕೆಜಿ, ರೆಸಿನ್ 25 ಕೆಜಿ, ಜೆಲ್‌ಕೋಟ್ (ಅಚ್ಚಿನ ಒಳಮೈಗೆ ನುಣುಪು ಕೊಡುವ ಗಟ್ಟಿ ರೆಸಿನ್ ಪದರ) 3 ಕೆಜಿ ಬೇಕಾಗುತ್ತದೆ. ಹಾಳಾಗುವುದಕ್ಕೆ ಸ್ವಲ್ಪ ಜಾಸ್ತಿ ಹಿಡಿಯಿರಿ.

ಮಾದರಿಗೆ ಅಚ್ಚಿನ ವ್ಯಾಕ್ಸ್ ಹಚ್ಚಿ, ಒಣಗಿದ ಮೇಲೆ ಬಟ್ಟೆಯಿಂದ ಹೊಳಪು ಬರುವ ತನಕ ಉಜ್ಜಿ. ಹೊಸ ಮಾದರಿಗೆ ಇದನ್ನು ನಾಲ್ಕೈದು ಸಲ ಮಾಡಬೇಕು. ಮೇಲೆ, ಅಚ್ಚು ಅಂಟದಂತೆ ತೆಳು ಪೊರೆ ಕಟ್ಟುವ ಪಿವಿಎ ದ್ರವವನ್ನು ಸ್ಪಂಜಿನಿಂದ ತೆಳುವಾಗಿ ಸವರಿ ಒಣಗಿಸಿ.

ನಂತರ ಜೆಲ್‌ಕೋಟ್. ಎರಡು ಕೋಟ್ ಸೇರಿ ಅರ್ಧ ಮಿ.ಮೀ.ಗಿಂತ ಸ್ವಲ್ಪ ಜಾಸ್ತಿ ದಪ್ಪ ಇರಲಿ. ಬೆರಳು ಮುಟ್ಟಿದರೆ ಅಂಟಬೇಕು, ಆದರೆ ಬೆರಳಿಗೆ ಮೆತ್ತಿಕೊಳ್ಳಬಾರದು. ಆ ಹದದಲ್ಲಿ 300 ಗ್ರಾಂ (ಚದರ ಮೀಟರ್‌ಗೆ ತೂಕ) ಮ್ಯಾಟ್‌ನ ಮೊದಲ ಪದರ ಹಾಕಿ. ಇದೇ ಮುಖ್ಯವಾದ ಪದರ. ಏಣಿನ ಮೂಲೆಗಳಲ್ಲಿ ಗಾಳಿ ನಿಂತರೆ ಮುಂದೆ ಕಾಂಕ್ರೀಟ್ ಒತ್ತಡಕ್ಕೆ ಜೆಲ್‌ಕೋಟ್ ಅಲ್ಲೇ ಒಡೆಯುತ್ತದೆ. ಸಣ್ಣ ಬ್ರಷ್‌ನಿಂದ ಕುಟ್ಟಿ ಕುಟ್ಟಿ ಕೂರಿಸಿ, ಆಮೇಲೆ ಲೋಹದ ರೋಲರ್ ಓಡಿಸಿ. ಅದು ಗಟ್ಟಿಯಾದ ಮೇಲೆ 450 ಗ್ರಾಂ ಮ್ಯಾಟ್ ನಾಲ್ಕು ಪದರ. ಒಟ್ಟು ದಪ್ಪ ಸುಮಾರು 5 ಮಿ.ಮೀ. ಆಗುತ್ತದೆ. ಫ್ಲ್ಯಾಂಜ್‌ಗೆ ಇನ್ನೂ ಎರಡು ಪದರ ಕೊಡಿ. ಒಂದೇ ದಿನ ಎಲ್ಲ ಪದರ ಒಟ್ಟಿಗೆ ಹಾಕಬೇಡಿ, ರೆಸಿನ್ ಬಿಸಿಯಾಗಿ ತುಂಡು ಸೊಟ್ಟಗಾಗುತ್ತದೆ.

ಹಾರ್ಡನರ್ 1 ಕೆಜಿ ರೆಸಿನ್‌ಗೆ 10ರಿಂದ 20 ಗ್ರಾಂ. ರಾಯಚೂರಿನ ಬಿಸಿಲಿಗೂ ಮಲೆನಾಡಿನ ಮಳೆಗಾಲಕ್ಕೂ ಒಂದೇ ಅಳತೆ ನಡೆಯದು. ಮೊದಲು ಸಣ್ಣ ಲೋಟದಲ್ಲಿ ಕಲಸಿ ಎಷ್ಟು ನಿಮಿಷಕ್ಕೆ ಗಟ್ಟಿಯಾಗುತ್ತದೆ ನೋಡಿ.

ಪೂರ್ತಿ ಗಟ್ಟಿಯಾದ ಮೇಲೆ, ಮಾದರಿಯಿಂದ ತೆಗೆಯುವ ಮೊದಲೇ, ಹೊರಮೈಗೆ ಅರ್ಧ ಮೀಟರ್‌ಗೊಂದರಂತೆ ಅಡ್ಡ ಪಕ್ಕೆಲುಬು ಕೂರಿಸಿ. ಮರದ ತುಂಡಾದರೂ ಸರಿ, ಕಬ್ಬಿಣದ ಪೈಪಾದರೂ ಸರಿ. ಒಂದು ದಿನದ ನಂತರ ಬಿಡಿಸಿ. ಮಾದರಿಯಲ್ಲಿ ಚೆಕ್ಕೆ ಎದ್ದಿದ್ದರೆ ತೇಪೆ ಹಾಕಿ, ಮತ್ತೆ ವ್ಯಾಕ್ಸ್ ಕೊಟ್ಟು ಮುಂದಿನ ತುಂಡು ಶುರು ಮಾಡಿ.

ನಾಲ್ಕೂ ಆದ ಮೇಲೆ ಕ್ಲಾಂಪ್ ಹಾಕಿ ಒಟ್ಟಿಗೆ ನಿಲ್ಲಿಸಿ, ಎರಡೆರಡು ಫ್ಲ್ಯಾಂಜ್ ಒಟ್ಟಿಗೆ ತೂತು ಕೊರೆಯಿರಿ. ಬೇರೆ ಬೇರೆ ಕೊರೆದರೆ ತೂತು ಕೂಡಿ ಬರುವುದಿಲ್ಲ. ತುಂಡುಗಳಿಗೆ ಎ, ಬಿ, ಸಿ, ಡಿ ಅಂತ ಗುರುತು ಹಾಕಿ. ಪ್ರತಿ ಜೋಡಣೆಯಲ್ಲಿ ಮೂರು ನಾಲ್ಕು ಕಡೆ ಒಂದು ಫ್ಲ್ಯಾಂಜ್‌ಗೆ ಮಾತ್ರ ನಟ್ ಕೂರಿಸಿ, ಎದುರು ಫ್ಲ್ಯಾಂಜ್‌ನಲ್ಲಿ ತೂತು ಬಿಡಬೇಡಿ, ಅಲ್ಲಿ ಸಣ್ಣ ಕಬ್ಬಿಣದ ತಗಡು ಅಂಟಿಸಿ. ಬಿಚ್ಚುವ ದಿನ ಆ ನಟ್‌ಗೆ ಬೋಲ್ಟ್ ತಿರುಗಿಸಿದರೆ ಅದು ಎದುರಿನ ಫ್ಲ್ಯಾಂಜನ್ನು ತಳ್ಳಿ ಅಚ್ಚನ್ನು ತಾನಾಗಿ ಬಿಡಿಸುತ್ತದೆ. ಸಣ್ಣ ಕೆಲಸ, ಆದರೆ ಅಚ್ಚಿನ ಆಯಸ್ಸು ಇದರಿಂದಲೇ ಉಳಿಯುತ್ತದೆ.

ಬುಡ ಮತ್ತು ಬೋದಿಗೆ ಬೇರೆಯಾಗಿ

ಬುಡ, ಕಂಬ, ಬೋದಿಗೆ ಮೂರನ್ನೂ ಒಂದೇ ಅಚ್ಚಿನಲ್ಲಿ ಒಂದೇ ಸಲ ಸುರಿಯುವ ಆಸೆ ಎಲ್ಲರಿಗೂ ಬರುತ್ತದೆ. ನಾನು ಬೇಡ ಅನ್ನುತ್ತೇನೆ. 450 ಮಿ.ಮೀ. ಅಗಲದ ಬುಡದ ಮೇಲೆ 300 ಮಿ.ಮೀ. ಕಂಬ ಇದ್ದರೆ, ಹಸಿ ಕಾಂಕ್ರೀಟ್ ಬುಡದ ಅಚ್ಚನ್ನು ಒಳಗಿನಿಂದ ಮೇಲಕ್ಕೆ ತಳ್ಳುತ್ತದೆ. 3 ಮೀಟರ್ ಕಾಂಕ್ರೀಟ್ ತುಂಬಿದಾಗ ಆ ತಳ್ಳುವಿಕೆ ಸುಮಾರು 600 ಕೆಜಿ. ನೆಲಕ್ಕೆ ಗಟ್ಟಿಯಾಗಿ ಬಿಗಿಯದಿದ್ದರೆ ಇಡೀ ಅಚ್ಚು ಎದ್ದು ಬುಡದಿಂದ ಕಾಂಕ್ರೀಟ್ ಹರಿದುಹೋಗುತ್ತದೆ.

ಬುಡ ಮತ್ತು ಬೋದಿಗೆಯನ್ನು ಅರ್ಧ ಬಳೆಗಳ ಹಾಗೆ ನೆಲದ ಮೇಲೆ ಎರಕ ಹಾಕಿ, ಆಮೇಲೆ ಕಂಬಕ್ಕೆ ಸುತ್ತಿ ಕೂರಿಸಿ. ಇವುಗಳ ಮಾದರಿಗೆ ತಗಡನ್ನು ನಡುವಿನ ಪೈಪಿನ ಸುತ್ತ ತಿರುಗಿಸಿ ಪಿಓಪಿ ಎಳೆಯಬೇಕು. ಒಳ ಅಡ್ಡಳತೆ 320 ಮಿ.ಮೀ. ಇಡಿ, ಗಾರೆ ತುಂಬಲು ಸುತ್ತ 10 ಮಿ.ಮೀ. ಸಿಗುತ್ತದೆ. ಬುಡದ ಕೆಳಗೆ ಚೌಕ ಪೀಠ ಇದ್ದರೆ ಅಚ್ಚನ್ನು ಮೂಲೆಯಿಂದ ಮೂಲೆಗೆ ಸೀಳಿ. ಬದಿಯ ನಡುವೆ ಸೀಳಿದರೆ ಎರಡು ಮುಖಗಳು ಎಳೆಯುವ ದಿಕ್ಕಿಗೆ ಸಮಾನಾಂತರವಾಗಿ ಹಿಡಿದುಕೊಳ್ಳುತ್ತವೆ.

ಬುಡವನ್ನು ತಲೆಕೆಳಗಾಗಿ ಎರಕ ಹಾಕಿ. ಗಾಳಿ ಗುಳ್ಳೆ ಮೇಲಕ್ಕೆ ಏರಿ ಅಗಲವಾದ ತಳದಲ್ಲಿ ನಿಲ್ಲುತ್ತದೆ, ಆ ತಳ ನೆಲದ ಕಡೆ ಹೋಗುತ್ತದೆ. ಒಳಗೆ ಜಿಐ ಮೆಶ್ ಇರಲಿ. 200 ಮಿ.ಮೀ. ಎತ್ತರದ ಅರ್ಧ ಬಳೆ ಸುಮಾರು 19 ಕೆಜಿ ತೂಗುತ್ತದೆ. ಬೋದಿಗೆಯ ತುಂಡು ಜನರ ತಲೆಯ ಮೇಲೆ ಇರುವುದರಿಂದ ಬರೀ ಗಾರೆ ನಂಬಬೇಡಿ. ಪ್ರತಿ ಅರ್ಧಕ್ಕೆ ಕನಿಷ್ಠ ಎರಡು 8 ಮಿ.ಮೀ. ಕಂಬಿ ಕಂಬದೊಳಗೆ ಕೊರೆದು ಕೆಮಿಕಲ್ ಆಂಕರ್ (ಕಂಬಿಯನ್ನು ತೂತಿನಲ್ಲಿ ಹಿಡಿಸುವ ಅಂಟು) ಹಾಕಿ ಹಿಡಿಸಿ. ಮುಖ್ಯ ಕಂಬಿ ಎಲ್ಲೆಲ್ಲಿದೆ ಅಂತ ಕಾಂಕ್ರೀಟ್ ಹಾಕುವ ಮೊದಲೇ ಗುರುತು ಮಾಡಿಟ್ಟುಕೊಂಡರೆ ಡ್ರಿಲ್ ಅದಕ್ಕೆ ತಾಗುವುದಿಲ್ಲ.

ಅಚ್ಚು ನಿಲ್ಲಿಸುವುದು

ಮೊದಲು ಸ್ಟಾರ್ಟರ್, ಅಂದರೆ ಅಚ್ಚು ಕೂರುವ ಜಾಗದಲ್ಲಿ ಗಿಡ್ಡದಾದ ಕಾಂಕ್ರೀಟ್ ಬುಡ, ಹಾಕಿ. ಅದು ಸರಿಯಾದ ಜಾಗದಲ್ಲಿ, ಸರಿಯಾದ ಗುಂಡಿನಲ್ಲಿ ಇದ್ದರೆ ಅಚ್ಚಿನ ಬುಡ ಅಲ್ಲಾಡುವುದಿಲ್ಲ. ಸ್ಟಾರ್ಟರ್ ಬುಡದ ಬಳೆಯೊಳಗೆ ಮುಚ್ಚಿಹೋಗುತ್ತದೆ, ಹಾಗಾಗಿ ಅದಕ್ಕೆ ಗ್ರೂವ್ ಬೇಕಿಲ್ಲ.

ಅಚ್ಚಿನ ಒಳಮೈಗೆ ಶಟರಿಂಗ್ ಆಯಿಲ್ ಹಚ್ಚಿ ಬಟ್ಟೆಯಿಂದ ಒರೆಸಿಬಿಡಿ. ಕೈಗೆ ಜಿಡ್ಡು ಅನ್ನಿಸುವಷ್ಟು ಸಾಕು. ಜಾಸ್ತಿಯಾದರೆ ಅದು ಗ್ರೂವ್‌ನಲ್ಲಿ ಇಳಿದು ಗುಳ್ಳೆಯನ್ನೂ ಕಲೆಯನ್ನೂ ಮಾಡುತ್ತದೆ. ಸುಟ್ಟ ಎಂಜಿನ್ ಆಯಿಲ್ ಬೇಡವೇ ಬೇಡ. ಕಂಬ ಕಪ್ಪಾಗುತ್ತದೆ, ಆಮೇಲೆ ಬಣ್ಣವೂ ಹಿಡಿಯುವುದಿಲ್ಲ. ಕಂಬಿಗೆ ಆಯಿಲ್ ತಾಗದಂತೆ ನೋಡಿಕೊಳ್ಳಿ.

ಕವರ್ ಬ್ಲಾಕ್ (ಕಂಬಿಯನ್ನು ಅಚ್ಚಿನಿಂದ ದೂರ ಇಡುವ ಸಣ್ಣ ಬಿಲ್ಲೆ) ಕಂಬದ ಏಣಿನ ಎದುರು ಬರದಂತೆ, ಗ್ರೂವ್ ತಳಕ್ಕೆ ತಾಗುವಂತೆ ಕಟ್ಟಿ. ಫ್ಲ್ಯಾಂಜ್ ನಡುವೆ ತೆಳುವಾದ ಫೋಮ್ ಟೇಪ್ ಅಂಟಿಸಿ. ಸಿಮೆಂಟ್ ಹಾಲು ಸೋರಿದ ಕಡೆ ಏಣು ಮರಳುಮರಳಾಗಿ ಉದುರುತ್ತದೆ.

ಒತ್ತಡದ ಅಂದಾಜು ಇರಲಿ. 3 ಮೀಟರ್ ಎತ್ತರ ಬೇಗ ತುಂಬಿದರೆ ಬುಡದಲ್ಲಿ ಪ್ರತಿ ಚದರ ಅಡಿಗೆ ಸುಮಾರು 670 ಕೆಜಿ ಒತ್ತಡ ಬೀಳುತ್ತದೆ. ಬುಡದ ಹತ್ತಿರ ಪ್ರತಿ ಜೋಡಣೆಯನ್ನು ಒಂದು ಮೀಟರ್ ಉದ್ದಕ್ಕೆ ಒಂದು ಟನ್‌ನಷ್ಟು ಭಾರ ಬೇರ್ಪಡಿಸಲು ನೋಡುತ್ತದೆ. 10 ಮಿ.ಮೀ. ಬೋಲ್ಟ್ ಕೆಳಗಿನ ಅರ್ಧಕ್ಕೆ 150 ಮಿ.ಮೀ.ಗೊಂದು, ಮೇಲಿನ ಅರ್ಧಕ್ಕೆ 200ಕ್ಕೊಂದು ಹಾಕಿ. ಬೋಲ್ಟ್ ತಲೆಯ ಕೆಳಗೆ ಉದ್ದಕ್ಕೂ 25×5 ಮಿ.ಮೀ. ಕಬ್ಬಿಣದ ಪಟ್ಟಿ ಇರಲಿ. ಇಲ್ಲದಿದ್ದರೆ ಎರಡು ಬೋಲ್ಟ್ ನಡುವೆ ಫ್ಲ್ಯಾಂಜ್ ಬಾಯಿಬಿಡುತ್ತದೆ. ಕೆಳಗಿನ ಭಾಗಕ್ಕೆ ಎರಡು ಮೂರು ಕಡೆ ಸುತ್ತ ಪಟ್ಟಿಯನ್ನೂ ಬಿಗಿಯಿರಿ.

ನಾಲ್ಕೂ ಕಡೆ ಓರೆ ಆಸರೆ ಕೊಟ್ಟು, ತೂಗುಗುಂಡನ್ನು ಎರಡು ದಿಕ್ಕಿನಿಂದ ನೋಡಿ. ಗ್ರೂವ್ ಇರುವ ಕಂಬ ಒಂದಿಷ್ಟು ವಾಲಿದರೂ ಗೆರೆಗಳು ಅದನ್ನು ದೂರದಿಂದಲೇ ತೋರಿಸುತ್ತವೆ. ಸಾಲು ಕಂಬ ಇದ್ದರೆ ಎಲ್ಲದರಲ್ಲೂ ಒಂದು ಏಣು ರಸ್ತೆಯ ಕಡೆಗೇ ನೇರ ಬರುವಂತೆ ತಿರುಗಿಸಿ ನಿಲ್ಲಿಸಿ.

ಕಾಂಕ್ರೀಟ್

ಕಂಬಕ್ಕೆ ಸುಮಾರು 0.2 ಘನ ಮೀಟರ್ ಬೇಕು. ಎಂ25 ಗ್ರೇಡ್, 12 ಮಿ.ಮೀ. ಜಲ್ಲಿ, ತೊಳೆದ ಎಂ ಸ್ಯಾಂಡ್. 20 ಮಿ.ಮೀ. ಜಲ್ಲಿ ಇಲ್ಲಿ ಬೇಡ, ಕಂಬಿಗೂ ಅಚ್ಚಿಗೂ ನಡುವೆ ಸಿಕ್ಕಿಕೊಂಡು ಗೂಡು ಬೀಳುತ್ತದೆ. 50 ಕೆಜಿ ಸಿಮೆಂಟ್ ಚೀಲಕ್ಕೆ ನೀರು 25 ಲೀಟರ್ ಮೀರಬಾರದು. ತೆಳುವಾಗಬೇಕಿದ್ದರೆ ನೀರಿನ ಬದಲು ಪ್ಲಾಸ್ಟಿಸೈಜರ್ (ಕಾಂಕ್ರೀಟನ್ನು ತೆಳು ಮಾಡುವ ರಾಸಾಯನಿಕ) ಹಾಕಿ. ಸ್ಲಂಪ್ (ಶಂಕುವಿನ ಅಚ್ಚು ಎತ್ತಿದಾಗ ಹಸಿ ಕಾಂಕ್ರೀಟ್ ಕುಸಿಯುವ ಎತ್ತರ) 100ರಿಂದ 150 ಮಿ.ಮೀ. ಬಂದರೆ ಗ್ರೂವ್ ಮೂಲೆಗೆ ಚೆನ್ನಾಗಿ ಹೋಗುತ್ತದೆ.

ಒಂದೂವರೆ ಮೀಟರ್‌ಗಿಂತ ಎತ್ತರದಿಂದ ಕಾಂಕ್ರೀಟ್ ಬೀಳಿಸಬಾರದು. ಜಲ್ಲಿ ಒಂದು ಕಡೆ, ಗಾರೆ ಒಂದು ಕಡೆ ಆಗುತ್ತದೆ. ನಮ್ಮ ರಿಂಗ್‌ನೊಳಗೆ 160 ಮಿ.ಮೀ. ಜಾಗ ಇದೆ. 4 ಇಂಚಿನ ಪಿವಿಸಿ ಪೈಪನ್ನು ತಳದ ತನಕ ಇಳಿಸಿ, ಮೇಲೆ ಆಲಿಕೆ ಇಟ್ಟು ಸುರಿಯಿರಿ. ತುಂಬಿದ ಹಾಗೆ ಪೈಪ್ ಮೇಲಕ್ಕೆ ತೆಗೆಯುತ್ತಾ ಬನ್ನಿ.

ಒಂದೂವರೆ ಅಡಿಗೊಂದು ಪದರ. ಪ್ರತಿ ಪದರಕ್ಕೂ ಸಣ್ಣ ಸೂಜಿಯ ವೈಬ್ರೇಟರ್ ಇಳಿಸಿ. ಸೂಜಿ ಕೆಳಗಿನ ಪದರಕ್ಕೆ 4 ಇಂಚು ಹೊಕ್ಕಬೇಕು. ಇಳಿಸುವುದು ಬೇಗ, ಎತ್ತುವುದು ತುಂಬಾ ನಿಧಾನ. ಬೇಗ ಎತ್ತಿದರೆ ಗಾಳಿ ಅಲ್ಲೇ ಉಳಿಯುತ್ತದೆ. ಸೂಜಿ ಅಚ್ಚಿಗೆ ತಾಗಿದರೆ ಜೆಲ್‌ಕೋಟ್ ಹೋಗುತ್ತದೆ, ಅದಕ್ಕೇ ರಿಂಗ್‌ನೊಳಗೇ ಇರಲಿ. ಜೊತೆಗೆ ಒಬ್ಬರು ಹೊರಗಿನಿಂದ ರಬ್ಬರ್ ಸುತ್ತಿಗೆಯಲ್ಲಿ ಸುತ್ತಲೂ ತಟ್ಟುತ್ತಿರಲಿ. ಇನ್ನೊಬ್ಬರ ಕಣ್ಣು ಬೋಲ್ಟ್ ಮತ್ತು ತೂಗುಗುಂಡಿನ ಮೇಲೇ ಇರಲಿ. ಶುರು ಮಾಡಿದ ಕಂಬವನ್ನು ನಡುವೆ ನಿಲ್ಲಿಸಬೇಡಿ.

ಬಿಚ್ಚುವುದು

ಕಂಬದ ಬದಿಯ ಶಟರಿಂಗ್ 16ರಿಂದ 24 ಗಂಟೆಗೆ ತೆಗೆಯಬಹುದು ಅಂತ ಐಎಸ್ 456 ಹೇಳುತ್ತದೆ. ಸಾದಾ ಕಂಬಕ್ಕೆ ಅದು ಸರಿ. ಏಣು ಇರುವ ಕಂಬಕ್ಕೆ ನಾನು 36 ಗಂಟೆಯಾದರೂ ಬಿಡುತ್ತೇನೆ, ಚಳಿಗಾಲದಲ್ಲಿ 48. ಕಾಂಕ್ರೀಟ್ ನಿಲ್ಲುವುದು ಬೇರೆ, ಏಣಿನ ತುದಿ ಗಟ್ಟಿಯಾಗುವುದು ಬೇರೆ.

ಎಲ್ಲ ಬೋಲ್ಟ್ ಸಡಿಲ ಮಾಡಿ, ಆದರೆ ಮೇಲಿನ ಒಂದೆರಡು ಬಿಟ್ಟಿರಿ, ಇಲ್ಲದಿದ್ದರೆ ತುಂಡು ಜನರ ಮೇಲೆ ಬೀಳಬಹುದು. ತಳ್ಳುವ ಬೋಲ್ಟ್‌ಗಳನ್ನು ಕೆಳಗಿನಿಂದ ಮೇಲಕ್ಕೆ ಸ್ವಲ್ಪ ಸ್ವಲ್ಪವೇ ತಿರುಗಿಸಿ. ಅಚ್ಚು ಬಿಟ್ಟಾಗ ಟಪ್ ಎಂದು ಸದ್ದು ಬರುತ್ತದೆ. ಆಗ ಇಬ್ಬರು ಹಿಡಿದು ನೇರವಾಗಿ ಹೊರಕ್ಕೆ ಎಳೆಯಿರಿ. ಪಕ್ಕಕ್ಕೆ ತಿರುಚಬೇಡಿ, ನಾವು ಲೆಕ್ಕ ಹಾಕಿದ ಸಲೀಸು ಇರುವುದು ಒಂದೇ ದಿಕ್ಕಿಗೆ. ಬಿಡದಿದ್ದರೆ ಫ್ಲ್ಯಾಂಜ್ ನಡುವೆ ಮರದ ಬೆಣೆ ಹೊಡೆಯಿರಿ. ಹಾರೆ ಹಾಕಿ ಮೀಟಬೇಡಿ.

ಬಿಚ್ಚಿದ ಕೂಡಲೇ ಒದ್ದೆ ಗೋಣಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಹಾಳೆ ಕಟ್ಟಿ. ನಿಂತ ಕಂಬಕ್ಕೆ ಸುಮ್ನೆ ಪೈಪ್ ಹಿಡಿದರೆ ನೀರು ಇಳಿದುಹೋಗುತ್ತದೆ. ಪಿಪಿಸಿ (ಹಾರುಬೂದಿಯಂಥ ಪುಡಿ ಬೆರೆಸಿದ) ಸಿಮೆಂಟ್ ಆದರೆ ಕನಿಷ್ಠ 10 ದಿನ, ಬಿಸಿಲು ಜೋರಿದ್ದರೆ 14 ದಿನ ತೇವ ಆರಬಾರದು. ಬಿಳಿ ಸಿಮೆಂಟಿನ ಕಂಬಕ್ಕೆ ಗೋಣಿಯ ಕಂದು ಕಲೆ ಹಿಡಿಯುತ್ತದೆ, ಅದಕ್ಕೆ ನೀರು ಚಿಮುಕಿಸಿ ಬರೀ ಪ್ಲಾಸ್ಟಿಕ್ ಸುತ್ತಿ.

ಸಣ್ಣ ಗುಳ್ಳೆಗಳನ್ನು ಎರಡನೇ ಮೂರನೇ ದಿನವೇ, ಕಂಬ ಇನ್ನೂ ಹಸಿಯಾಗಿರುವಾಗ ತುಂಬಿ. ಅದೇ ಸಿಮೆಂಟ್, ಜರಡಿ ಹಿಡಿದ ಅದೇ ಮರಳು. ಗ್ರೂವ್‌ನೊಳಗೆ ಸವರಲು ಅದೇ ಗುಂಡಿನ ಪೈಪ್ ತುಂಡಿಗೆ ಸ್ಪಂಜು ಸುತ್ತಿಕೊಳ್ಳಿ. ಜೋಡಣೆಯ ನಾಲ್ಕು ಗೆರೆಗಳನ್ನು ಉಜ್ಜುಗಲ್ಲಿನಿಂದ ಏಣಿನ ಉದ್ದಕ್ಕೇ ಉಜ್ಜಿ. ಬಣ್ಣವನ್ನು ಕಂಬ ಪೂರ್ತಿ ಒಣಗಿದ ಮೇಲೆ ಕೊಡಿ.

ಅಚ್ಚನ್ನು ಅಂದೇ ತೊಳೆಯಿರಿ. ಒಣಗಿದ ಸಿಮೆಂಟ್ ಕೆರೆಯಲು ಕಬ್ಬಿಣದ ಕರಣೆ ಬೇಡ, ಪ್ಲಾಸ್ಟಿಕ್ ಚೂರು ಸಾಕು. ಒಣಗಿಸಿ, ವ್ಯಾಕ್ಸ್ ಒಂದು ಕೈ ಕೊಟ್ಟು, ನಾಲ್ಕೂ ತುಂಡನ್ನು ಮತ್ತೆ ಬೋಲ್ಟ್ ಹಾಕಿ ಸೇರಿಸಿ ನೆರಳಿನಲ್ಲಿ ನಿಲ್ಲಿಸಿಡಿ. ಬಿಡಿಯಾಗಿ ಗೋಡೆಗೆ ಒರಗಿಸಿಟ್ಟ ತುಂಡು ತಿಂಗಳೊಳಗೆ ಬಾಗುತ್ತದೆ, ಮುಂದಿನ ಕಂಬಕ್ಕೆ ಫ್ಲ್ಯಾಂಜ್ ಕೂಡಿಕೊಳ್ಳುವುದಿಲ್ಲ.